ಎಳೆಯ ಮೆದುಳಿಗೆ ಎಷ್ಟು ಕಿರಣ?

ಮಕ್ಕಳಲ್ಲಿ ಕಾಣುವ ಮೆದುಳಿನ ಕ್ಯಾನ್ಸರ್ ಗಡ್ಡೆಗಳ ಪೈಕಿ ಮೆಡುಲ್ಲೊಬ್ಲಾಸ್ಟೋಮ ಮುಖ್ಯವಾದುದು. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನಲ್ಲಿ ಇದು ಹುಟ್ಟುತ್ತದೆ. ನಡೆಯುವಾಗ, ನಿಲ್ಲುವಾಗ ದೇಹದ ಸಮತೋಲವನ್ನು ಕಾಯುವ ಭಾಗವದು. ಅದರ ಪಕ್ಕದಲ್ಲೇ ಮೆದುಳಿನ ದ್ರವ ಹರಿದುಹೋಗುವ ಇಕ್ಕಟ್ಟಾದ ದಾರಿಯಿದೆ. ಗಡ್ಡೆ ಬೆಳೆದು ಆ ದಾರಿಯನ್ನು ಒತ್ತಿದಾಗ ದ್ರವ ತಲೆಯೊಳಗೇ ನಿಂತು ಒತ್ತಡ ಏರುತ್ತದೆ. ಮಗು ಬೆಳಗ್ಗೆ ಎದ್ದೊಡನೆ ತಲೆನೋವೆಂದು ಅಳುತ್ತದೆ, ವಾಂತಿ ಮಾಡುತ್ತದೆ, ವಾಂತಿಯಾದ ಮೇಲೆ ಕೊಂಚ ಗೆಲುವಾಗುತ್ತದೆ. ಕ್ರಮೇಣ ನಡಿಗೆ ತೂರಾಡತೊಡಗುತ್ತದೆ. ಇದನ್ನು ಅಜೀರ್ಣವೆಂದೋ ಜಂತುಹುಳುವೆಂದೋ ದೃಷ್ಟಿ ತಾಗಿದೆಯೆಂದೋ ಭಾವಿಸಿ ವಾರಗಟ್ಟಲೆ ಕಾಲ ಕಳೆಯುವುದು ನಮ್ಮಲ್ಲಿ ಅಪರೂಪವಲ್ಲ. ಬೆಳಗಿನ ವಾಂತಿಯೂ ತಪ್ಪುಹೆಜ್ಜೆಯೂ ಜೊತೆಯಾಗಿ ಕಂಡರೆ ತಲೆಯ ಸ್ಕ್ಯಾನ್ ಮಾಡಿಸಲು ತಡಮಾಡಬಾರದು.

ಈ ರೋಗವನ್ನು ಗುರುತಿಸಿ ಹೆಸರಿಟ್ಟವರು ಅಮೆರಿಕದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೈಲಿ, 1925ರಲ್ಲಿ. ಕುಶಿಂಗ್ ಅವರು ಆ ಕಾಲದ ಅತಿ ನುರಿತ ಮೆದುಳಿನ ಶಸ್ತ್ರವೈದ್ಯರು. ಆದರೂ 1930ರಲ್ಲಿ ಅವರೇ ಪ್ರಕಟಿಸಿದ 61 ರೋಗಿಗಳ ವಿವರದಲ್ಲಿ ಮೂರು ವರ್ಷ ಬದುಕಿ ಉಳಿದವರು ಒಬ್ಬರೇ. ಶಸ್ತ್ರಕ್ರಿಯೆಯಲ್ಲಿ ಕಣ್ಣಿಗೆ ಕಂಡ ಗಡ್ಡೆಯನ್ನು ತೆಗೆದರೂ ರೋಗ ಮರುಕಳಿಸುತ್ತಿತ್ತು. ಗಡ್ಡೆಯಿಂದ ಕಳಚಿದ ಜೀವಕೋಶಗಳು ಮೆದುಳಿನ ದ್ರವದಲ್ಲಿ ತೇಲಿ ಬೆನ್ನುಹುರಿಯ ಉದ್ದಕ್ಕೂ ಬೀಜದಂತೆ ಬಿದ್ದು ಮೊಳೆಯುವುದೇ ಇದಕ್ಕೆ ಕಾರಣ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕ್ರಿಸ್ಟಿ ಆಸ್ಪತ್ರೆಯ ವೈದ್ಯೆ ಈಡಿತ್ ಪ್ಯಾಟರ್ಸನ್ ಅವರ ಹೆಸರು ಈ ಘಟ್ಟದಲ್ಲಿ ಬರುತ್ತದೆ. ಅವರ ಪತಿ ರಾಲ್ಸ್ಟನ್ ಪ್ಯಾಟರ್ಸನ್ ಅಲ್ಲಿನ ವಿಕಿರಣ ಚಿಕಿತ್ಸಾ ವಿಭಾಗದ ಮುಖ್ಯಸ್ಥರು. ಈಡಿತ್ ಅವರು 1938ರಲ್ಲಿ ವೇತನವಿಲ್ಲದೆ ಅಲ್ಲಿ ಕೆಲಸಕ್ಕೆ ತೊಡಗಿದರು. ಜೀವಕೋಶಗಳ ಮೇಲೆ ವಿಕಿರಣ ಮಾಡುವ ಪರಿಣಾಮವನ್ನೂ ಮಕ್ಕಳ ಕ್ಯಾನ್ಸರನ್ನೂ ತಮ್ಮ ವಿಷಯಗಳನ್ನಾಗಿಸಿಕೊಂಡರು. ರೋಗ ದ್ರವದ ದಾರಿಯಲ್ಲಿ ಹರಡುವುದಾದರೆ ಚಿಕಿತ್ಸೆಯೂ ಆ ದಾರಿಯುದ್ದಕ್ಕೂ ಹೋಗಬೇಕೆಂಬುದು ಅವರು ಅನುಸರಿಸಿದ ತರ್ಕ. ಗಡ್ಡೆ ಇದ್ದ ಜಾಗಕ್ಕಷ್ಟೇ ಅಲ್ಲ, ಇಡೀ ಮೆದುಳಿಗೂ ಇಡೀ ಬೆನ್ನುಹುರಿಗೂ ಕಿರಣ ಕೊಟ್ಟರು. ಸಿ.ಟಿ. ಸ್ಕ್ಯಾನ್ ಆಗಲಿ ಎಂ.ಆರ್.ಐ. ಆಗಲಿ ಇಲ್ಲದ ಕಾಲದಲ್ಲಿ ಅಲುಗಾಡುವ ಎಳೆಯ ಮಗುವಿನ ಬೆನ್ನುದ್ದಕ್ಕೂ ಸಮಪ್ರಮಾಣದಲ್ಲಿ ಕಿರಣ ಬೀಳುವಂತೆ ನೋಡಿಕೊಳ್ಳುವುದು ಸಣ್ಣ ಶ್ರಮವಲ್ಲ. 1953ರಲ್ಲಿ ಅವರೂ ಸಹೋದ್ಯೋಗಿ ಫಾರ್ ಅವರೂ ಫಲಿತಾಂಶವನ್ನು ಪ್ರಕಟಿಸಿದರು: ಹೀಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 65ರಷ್ಟು ಮಂದಿ ಮೂರು ವರ್ಷ ದಾಟಿದ್ದರು. 61ರಲ್ಲಿ ಒಬ್ಬರು ಎಂಬ ಹಿಂದಿನ ಲೆಕ್ಕದ ಎದುರಿಗೆ ಇದನ್ನಿಟ್ಟು ನೋಡಬೇಕು. ಈಡಿತ್ ಅವರು 1962ರಲ್ಲಿ ನಿವೃತ್ತರಾದರು. ಅವರ ಕ್ರಮ ಮಾತ್ರ ಇಂದಿಗೂ ಈ ಚಿಕಿತ್ಸೆಯ ಬೆನ್ನೆಲುಬಾಗಿ ಉಳಿದಿದೆ.

ಬದುಕುಳಿದ ಮಕ್ಕಳು ಬೆಳೆದಂತೆ ಇದರ ಬೆಲೆಯೂ ತಿಳಿಯತೊಡಗಿತು. ಬೆನ್ನೆಲುಬಿನ ಬೆಳವಣಿಗೆ ಕುಂಠಿತವಾಗಿ ಎತ್ತರ ಕಡಿಮೆಯಾಗುತ್ತಿತ್ತು. ಪಿಟ್ಯುಟರಿ ಗ್ರಂಥಿ ಸೊರಗಿ ಹಾರ್ಮೋನುಗಳ ಕೊರತೆ ಕಾಣುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಕಲಿಕೆಯ ವೇಗ, ನೆನಪು, ಗಮನ ಇವು ಹಿಂದೆ ಬೀಳುತ್ತಿದ್ದವು; ವಯಸ್ಸು ಎಳೆಯದಾದಷ್ಟೂ ನಷ್ಟ ಹೆಚ್ಚು. ಆದ್ದರಿಂದ ಮೂರು ವರ್ಷ ತುಂಬದ ಕೂಸಿಗೆ ಸಾಧ್ಯವಾದಷ್ಟೂ ಕಿರಣವನ್ನು ಮುಂದೂಡಿ ಔಷಧಿಯಿಂದಲೇ ರೋಗವನ್ನು ತಡೆಹಿಡಿಯಲು ವೈದ್ಯರು ಯತ್ನಿಸುತ್ತಾರೆ.

ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಇಡೀ ಮೆದುಳು ಮತ್ತು ಬೆನ್ನುಹುರಿಗೆ ಬಹುಕಾಲ 36 ಗ್ರೇ ಕೊಡುವುದು ರೂಢಿಯಾಗಿತ್ತು. ಗಡ್ಡೆಯನ್ನು ಬಹುಪಾಲು ತೆಗೆದಿದ್ದು, ರೋಗ ಬೇರೆಡೆಗೆ ಹರಡಿರದ ಮಕ್ಕಳಿಗೆ ಅದನ್ನು 23.4 ಗ್ರೇಗೆ ಇಳಿಸಿ ಜೊತೆಗೆ ಕೀಮೋಥೆರಪಿ ಕೊಟ್ಟಾಗ ನೂರರಲ್ಲಿ ಸುಮಾರು 80 ಮಕ್ಕಳು ಐದು ವರ್ಷದ ಬಳಿಕವೂ ರೋಗ ಮರುಕಳಿಸದೆ ಉಳಿದರು. ಹಾಗಾದರೆ ಇನ್ನೂ ಇಳಿಸಬಾರದೇಕೆ? ಮೂರರಿಂದ ಏಳು ವರ್ಷದ ಮಕ್ಕಳಲ್ಲಿ 18 ಗ್ರೇ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಅಧ್ಯಯನದ ಫಲ 2021ರಲ್ಲಿ ಹೊರಬಂತು: ರೋಗ ಮರಳಿದವರ ಸಂಖ್ಯೆ ಹೆಚ್ಚಾಗಿತ್ತು. ಆದುದರಿಂದ ಆ ಗುಂಪಿನ ಮಕ್ಕಳಿಗೆ 23.4 ಎಂಬ ಅಂಕೆಯೇ ನಿಂತಿತು. ವಿಕಿರಣ ಕ್ಯಾನ್ಸರ್ ತಜ್ಞರ ವೃತ್ತಿಜೀವನವೆಂದರೆ ಬಹುಮಟ್ಟಿಗೆ ಈ ತಕ್ಕಡಿಯನ್ನು ಹಿಡಿದು ನಿಲ್ಲುವುದೇ ಆಗಿದೆ.

ಚಿಕಿತ್ಸೆ ನಡೆಯುವ ಬಗೆಯನ್ನು ತಂದೆತಾಯಿಗಳು ಅರಿತಿರುವುದು ಒಳಿತು. ಶಸ್ತ್ರಕ್ರಿಯೆಯ ಗಾಯ ಮಾಗಿದ ಬಳಿಕ, ಕೆಲವೇ ವಾರಗಳಲ್ಲಿ ಕಿರಣ ಆರಂಭವಾಗಬೇಕು. ದಿನಕ್ಕೆ 1.8 ಗ್ರೇಯಂತೆ ವಾರಕ್ಕೆ ಐದು ದಿನ, ಸುಮಾರು ಆರು ವಾರ. ಹೀಗೆ ತುಸುತುಸುವಾಗಿ ಕೊಡುವುದೇಕೆಂದರೆ, ಒಂದು ದಿನದ ಪೆಟ್ಟಿನಿಂದ ಆರೋಗ್ಯವಂತ ಜೀವಕೋಶಗಳು ಮರುದಿನದೊಳಗೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ಶಕ್ತಿ ಕಡಿಮೆ. ನಡುವೆ ಬಿಡುವು ಕೊಟ್ಟರೆ ಅವು ಮತ್ತೆ ಬೆಳೆಯತೊಡಗುತ್ತವೆ. ಜಾತ್ರೆ, ಮದುವೆ, ಸುಗ್ಗಿಯ ಕಾರಣಕ್ಕೆ ಊರಿಗೆ ಹೋಗಿ ಒಂದು ವಾರ ತಪ್ಪಿಸುವುದು ಸಲ್ಲದು. ತಲೆ ಅಲುಗದಂತೆ ಮುಖದ ಅಚ್ಚಿನ ಮುಸುಕು ತೊಡಿಸುತ್ತಾರೆ. ತೀರ ಚಿಕ್ಕವರಿಗೆ ಅರಿವಳಿಕೆ ಕೊಡುತ್ತಾರೆ. ಕಿರಣ ಬೀಳುವಾಗ ನೋವಿಲ್ಲ. ಹೊರಗಿನಿಂದ ಕೊಡುವ ಈ ಕಿರಣ ಮಗುವಿನ ಮೈಯಲ್ಲಿ ಉಳಿಯುವುದಿಲ್ಲ, ಆದುದರಿಂದ ಮಗುವನ್ನು ಎತ್ತಿಕೊಳ್ಳಲು, ಜೊತೆಯಲ್ಲಿ ಮಲಗಿಸಿಕೊಳ್ಳಲು ಯಾರೂ ಹೆದರಬೇಕಿಲ್ಲ. ಹೆರಿಗೆಯಾದವರು, ಗರ್ಭಿಣಿಯರು ದೂರವಿರಬೇಕೆಂಬ ಮಾತಿಗೂ ಆಧಾರವಿಲ್ಲ.

ಎದುರಿನಿಂದ ಹೊಕ್ಕು ಆಚೆಗೆ ಹಾಯುವ ಎಕ್ಸ್-ಕಿರಣಕ್ಕೆ ಬದಲಾಗಿ, ಗೊತ್ತಾದ ಆಳದಲ್ಲಿ ನಿಂತುಬಿಡುವ ಪ್ರೋಟಾನ್ ಕಿರಣ ಈಗ ಬಂದಿದೆ. ಬೆನ್ನಿಗೆ ಕೊಟ್ಟಾಗ ಅದು ಮುಂದಿರುವ ಹೃದಯ, ಕರುಳುಗಳನ್ನು ಬಹುಮಟ್ಟಿಗೆ ಉಳಿಸುತ್ತದೆ. ಚೆನ್ನೈಯಲ್ಲಿ 2019ರಿಂದ ಇದು ದೊರೆಯುತ್ತಿದೆ, ಆದರೆ ವೆಚ್ಚ ಹೆಚ್ಚು. ಅದು ಕೈಗೆಟುಕಲಿಲ್ಲವೆಂದು ಚಿಕಿತ್ಸೆಯನ್ನೇ ಮುಂದೂಡುವುದು ತರವಲ್ಲ. ಸಾಮಾನ್ಯ ಯಂತ್ರದಿಂದಲೂ ರೋಗ ಗುಣವಾಗುತ್ತದೆ.

ಚಿಕಿತ್ಸೆ ಮುಗಿದ ಮೇಲೂ ವರ್ಷವರ್ಷ ಎತ್ತರ ಅಳೆಸಬೇಕು, ಥೈರಾಯಿಡ್ ಮತ್ತು ಇತರ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಬೇಕು. ಸಿಸ್‌ಪ್ಲಾಟಿನ್ ಎಂಬ ಔಷಧಿ ಪಡೆದ ಮಕ್ಕಳಿಗೆ ಕಿವಿ ಮಂದವಾಗಬಹುದು. ಶಾಲೆಗೆ ಮರಳಿದಾಗ ಅಧ್ಯಾಪಕರಿಗೆ ವಿಷಯ ತಿಳಿಸಿ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಲು, ಪರೀಕ್ಷೆಯಲ್ಲಿ ತುಸು ಹೆಚ್ಚು ಸಮಯ ಕೊಡಲು ಕೇಳಿಕೊಳ್ಳಬೇಕು.