ಖಾಕಿ ಕನಸಿಗೆ ಮೊದಲು ಅಳತೆಪಟ್ಟಿ, ಆಮೇಲೆ ಕೋಚಿಂಗ್

ಪೊಲೀಸ್ ಆಗಬೇಕೆನ್ನುವ ಮಗನೋ ಮಗಳೋ ಇರುವ ಮನೆಯಲ್ಲಿ ಮೊದಲು ಆಗುವ ಖರ್ಚು ಕೋಚಿಂಗ್ ಫೀಸು. ಮೊದಲು ಆಗಬೇಕಾದದ್ದು ಒಂದು ಅಳತೆ ಟೇಪು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ, ವರ್ಷಗಟ್ಟಲೆ ಓದಿ, ಲಿಖಿತ ಪರೀಕ್ಷೆಯನ್ನೂ ದಾಟಿ, ಕೊನೆಗೆ ಎತ್ತರ ಅಳೆಯುವ ಕಂಬದ ಕೆಳಗೆ ನಿಂತಾಗ 167 ಎಂದು ಬರೆಸಿಕೊಂಡು ಹೊರಬಂದ ಹುಡುಗರು ಆಪ್ತಸಮಾಲೋಚನೆಗೆ ಬರುತ್ತಾರೆ. ಅವರ ಹಿಂದೆಯೇ ಅಪ್ಪ ಅಮ್ಮ ಇರುತ್ತಾರೆ. ಆ ತಂದೆತಾಯಿ ಮಕ್ಕಳಿಗಾಗಿ ಏನನ್ನೂ ಕಡಿಮೆ ಮಾಡಿದವರಲ್ಲ. ಕೆಲಸಗಳ ಕ್ರಮ ಮಾತ್ರ ಹಿಂದುಮುಂದಾಗಿರುತ್ತದೆ.

ಕರ್ನಾಟಕದ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಯನ್ನೇ ತೆಗೆದುಕೊಳ್ಳೋಣ. ಪಿಯುಸಿ ಅಥವಾ ಅದಕ್ಕೆ ಸಮನಾದ ವಿದ್ಯಾರ್ಹತೆ ಬೇಕು. ಸಶಸ್ತ್ರ ಮೀಸಲು ಪಡೆಯ ಕಾನ್‌ಸ್ಟೆಬಲ್‌ಗೆ ಎಸ್‌ಎಸ್‌ಎಲ್‌ಸಿ ಸಾಕು, ಪಿಎಸ್‌ಐಗೆ ಪದವಿ ಆಗಿರಬೇಕು. ಗಂಡುಮಕ್ಕಳಿಗೆ ಎತ್ತರ 168 ಸೆಂ.ಮೀ., ಎದೆ ಸುತ್ತಳತೆ ಉಸಿರು ತುಂಬಿದಾಗ 86 ಸೆಂ.ಮೀ., ಅದರಲ್ಲಿ ಹಿಗ್ಗುವ ಅಳತೆ ಕನಿಷ್ಠ 5. ಹೆಣ್ಣುಮಕ್ಕಳಿಗೆ 157 ಸೆಂ.ಮೀ. ಎತ್ತರ, 45 ಕೆ.ಜಿ. ತೂಕ. ಬುಡಕಟ್ಟು ಅಭ್ಯರ್ಥಿಗಳಿಗೆ ಇದರಲ್ಲಿ ರಿಯಾಯಿತಿ ಇದೆ. ವಯಸ್ಸಿನ ಮಿತಿಯನ್ನು ಮಾತ್ರ ಪ್ರತಿ ಅಧಿಸೂಚನೆಯಲ್ಲೂ ಹೊಸದಾಗಿ ಓದಬೇಕು. ಹಲವು ವರ್ಷ 19ರಿಂದ 25, ಮೀಸಲು ವರ್ಗಗಳಿಗೆ 27ರವರೆಗೆ ಎಂದಿತ್ತು. ಸರ್ಕಾರ ನಡುನಡುವೆ ಸಡಿಲಿಸಿದ್ದೂ ಉಂಟು.

ಎತ್ತರದ ವಿಷಯಕ್ಕೆ ಬರೋಣ. ಅತಿ ಹೆಚ್ಚು ಹಣ, ಅತಿ ಹೆಚ್ಚು ಕಣ್ಣೀರು ಹರಿಯುವುದು ಇಲ್ಲಿಯೇ. "ಸರ್ರ, ಒಂದ್ ಸೆಂಟಿಮೀಟರ್ ಕಡಿಮಿ ಬೀಳ್ತೈತಿ, ಏರಸ್ಲಿಕ್ಕೆ ಏನಾರ ಐತೇನ್ರೀ?" ಎಂದು ಕೇಳಿದ ತಂದೆಯೊಬ್ಬರು ಮಗನಿಗಾಗಿ ಬಾಗಿಲ ಮೇಲೆ ಕಬ್ಬಿಣದ ಸಲಾಕೆ ಹಾಕಿಸಿದ್ದರು, ಡಬ್ಬಿಗಟ್ಟಲೆ ಪುಡಿ ತರಿಸಿದ್ದರು. ಮಗನಿಗೆ ಇಪ್ಪತ್ತೊಂದು ವರ್ಷ. ಉದ್ದ ಎಲುಬುಗಳ ತುದಿಯಲ್ಲಿ ಮೆದು ಎಲುಬಿನ ಒಂದು ಪಟ್ಟಿ ಇರುತ್ತದೆ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ನಾವು ಎತ್ತರವಾಗುವುದು ಆ ಪಟ್ಟಿ ಬೆಳೆಯುತ್ತಿರುವ ತನಕ ಮಾತ್ರ. ಹುಡುಗಿಯರಲ್ಲಿ ಹದಿನಾಲ್ಕು ಹದಿನಾರರ ಹೊತ್ತಿಗೆ, ಹುಡುಗರಲ್ಲಿ ಒಂದೆರಡು ವರ್ಷ ತಡವಾಗಿ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೇಲೆ ಜೋತುಬೀಳುವುದರಿಂದ ತೋಳು ಗಟ್ಟಿಯಾಗುತ್ತದೆ, ಎತ್ತರ ಏರುವುದಿಲ್ಲ. ಪುಡಿಯಿಂದ ಮಾರಿದವನಿಗೆ ಲಾಭ. ಆದರೆ ಹದಿಮೂರು ಹದಿನಾಲ್ಕರ ಮಗು ಓರಗೆಯವರಿಗಿಂತ ತೀರಾ ಕುಳ್ಳಗಿದ್ದರೆ ಆಗಲೇ ಮಕ್ಕಳ ವೈದ್ಯರಿಗೆ ತೋರಿಸಿ. ಥೈರಾಯ್ಡ್, ಪೌಷ್ಟಿಕಾಂಶದ ಕೊರತೆಯಂಥ ಕಾರಣಗಳಿದ್ದರೆ ಸರಿಪಡಿಸಲು ಅದೇ ಹೊತ್ತು.

ಮನೆಯಲ್ಲಿ ಅಳೆಯುವುದಕ್ಕೂ ಒಂದು ರೀತಿ ಇದೆ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ದೃಷ್ಟಿ ನೇರ, ತಲೆಯ ಮೇಲೆ ಚಪ್ಪಟೆಯಾದ ಹಲಗೆಯೋ ದಪ್ಪ ಪುಸ್ತಕವೋ. ಹೆಣ್ಣುಮಕ್ಕಳು ತುರುಬು ಬಿಚ್ಚಿರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ದಿನವಿಡೀ ಭಾರ ಹೊತ್ತು ಸ್ವಲ್ಪ ತಗ್ಗುವುದರಿಂದ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಕಡಿಮೆ ಬರುವುದು ಸಹಜ. ಮೈದಾನದಲ್ಲಿ ನಿಮ್ಮ ಸರದಿ ಬೆಳಿಗ್ಗೆ ಆರಕ್ಕೇ ಬರುತ್ತದೆಂಬ ಖಾತ್ರಿ ಇಲ್ಲ, ಆದ್ದರಿಂದ ಸಂಜೆಯ ಲೆಕ್ಕವನ್ನೇ ನಂಬಿ.

168 ಯಾಕೆ, 167 ಯಾಕಲ್ಲ ಎಂದರೆ ಅದಕ್ಕೆ ಶಾಸ್ತ್ರದ ಆಧಾರವಿಲ್ಲ. ಗುಂಪು ತಡೆಯುವ, ಬಂದೋಬಸ್ತಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಕೆಲಸಕ್ಕೆ ಮೈಕಟ್ಟು ಬೇಕು. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು, ಎಳೆದಿದ್ದಾರೆ. ತಮಾಷೆ ನೋಡಿ, ಯುಪಿಎಸ್‌ಸಿ ಮೂಲಕ ಐಪಿಎಸ್ ಆಗಲು ಗಂಡಸರಿಗೆ 165, ಹೆಂಗಸರಿಗೆ 150 ಸಾಕು. 166 ಇರುವ ಹುಡುಗ ನಮ್ಮಲ್ಲಿ ಕಾನ್‌ಸ್ಟೆಬಲ್ ಆಗಲಾರ, ಎಸ್‌ಪಿ ಆಗಬಲ್ಲ! ಗೆರೆಯಿಂದ ಹೊರಬಿದ್ದ ಮಗುವಿಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಬೇಕು, ಯಾಕೆಂದರೆ ಅವನು ಅದನ್ನು ತನ್ನ ಕೊರತೆ ಎಂದೇ ಲೆಕ್ಕ ಹಾಕಿರುತ್ತಾನೆ. "ನಿಮ್ಮಪ್ಪನ ಕಡೆಯವರೆಲ್ಲ ಕುಳ್ಳರು" ಎಂಬಂಥ ಹಗುರ ಮಾತು ಆ ವಾರ ಮನೆಯಲ್ಲಿ ಬೇಡ.

ಎತ್ತರ ಸರಿಹೋದರೆ ಮುಂದಿನದು ಓಟ. ಇದು ದುಡಿದು ಗಳಿಸಬಹುದಾದ ಅರ್ಹತೆ. ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಜೊತೆಗೆ 3.80 ಮೀಟರ್ ಉದ್ದ ಜಿಗಿತ ಅಥವಾ 1.20 ಮೀಟರ್ ಎತ್ತರ ಜಿಗಿತ, 7.26 ಕೆ.ಜಿ.ಯ ಗುಂಡನ್ನು 5.60 ಮೀಟರ್ ಎಸೆಯುವುದು. ಹೆಣ್ಣುಮಕ್ಕಳಿಗೆ 400 ಮೀಟರ್ ಓಟ 2 ನಿಮಿಷದಲ್ಲಿ, ಉದ್ದ ಜಿಗಿತ 2.50 ಅಥವಾ ಎತ್ತರ ಜಿಗಿತ 0.90 ಮೀಟರ್, 4 ಕೆ.ಜಿ. ಗುಂಡು 3.75 ಮೀಟರ್. ಓಟದಲ್ಲಿ ಹುಡುಗರು ಸೋಲುವುದು ಹೆಚ್ಚಾಗಿ ಶಕ್ತಿ ಸಾಲದೆ ಅಲ್ಲ, ಲೆಕ್ಕ ತಪ್ಪಿ. ನಾಲ್ಕು ಸುತ್ತಿಗೆ ಆರೂವರೆ ನಿಮಿಷ ಎಂದರೆ ಸುತ್ತಿಗೆ ಸುಮಾರು 97 ಸೆಕೆಂಡು. ಪಕ್ಕದವನ ಹುರುಪಿಗೆ ಬಿದ್ದು ಮೊದಲ ಸುತ್ತನ್ನು 75 ಸೆಕೆಂಡಿನಲ್ಲಿ ಓಡಿದವನು ಮೂರನೆಯ ಸುತ್ತಿನಲ್ಲಿ ನಡೆಯತೊಡಗುತ್ತಾನೆ. ಮನೆಯವರು ಮಾಡಬಹುದಾದ ಉಪಕಾರವೆಂದರೆ ಮೈದಾನದ ಅಂಚಿನಲ್ಲಿ ಗಡಿಯಾರ ಹಿಡಿದು ಒಂದೊಂದು ಸುತ್ತಿನ ಸಮಯ ಬರೆದುಕೊಡುವುದು.

ಇಲ್ಲಿ ಪೋಷಕರು ಸೋಮಾರಿತನ ಎಂದು ಓದುವ ಕೆಲವು ವರ್ತನೆಗಳ ಹಿಂದೆ ಬೇರೆಯೇ ಕಾರಣ ಇರುತ್ತದೆ. ಮುಂಜಾನೆ ಎದ್ದು ಹೋಗುತ್ತಿದ್ದ ಮಗ ಮೂರನೆಯ ವಾರ ಹಾಸಿಗೆ ಬಿಡುವುದಿಲ್ಲ ಎಂದರೆ ಮೊದಲು ಮೊಣಕಾಲ ಕೆಳಗಿನ ಮುಂಗಾಲ ಎಲುಬನ್ನು ಒತ್ತಿ ನೋಡಿ. ಡಾಂಬರು ರಸ್ತೆಯ ಮೇಲೆ, ಸವೆದ ಬೂಟಿನಲ್ಲಿ, ಒಮ್ಮೆಲೇ ದೂರ ಹೆಚ್ಚಿಸಿದವರಿಗೆ ಅಲ್ಲಿ ನೋವು ಕಚ್ಚಿಕೊಳ್ಳುತ್ತದೆ. ಬಿಡುವು ಕೊಟ್ಟು, ಮಣ್ಣಿನ ನೆಲದಲ್ಲಿ ಮತ್ತೆ ನಿಧಾನ ಶುರುಮಾಡಿದರೆ ಬಹುತೇಕ ಇಳಿಯುತ್ತದೆ. ಮಗಳು ಇನ್ನೂರು ಮೀಟರಿಗೇ ಏದುಸಿರು ಬಿಟ್ಟು ಕೂರುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರೊಳಗಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವ ರಕ್ತವೇ ಕಡಿಮೆ ಇರುವಾಗ "ಮನಸ್ಸು ಮಾಡು, ಓಡ್ತೀಯಾ" ಎಂಬ ಹುರಿದುಂಬಿಕೆಯಿಂದ ಪ್ರಯೋಜನವಿಲ್ಲ.

ಇನ್ನೊಂದು, ಸಮಯ ಮುಚ್ಚಿಡುವುದು. "ಎಷ್ಟಾಯ್ತೋ ಇವತ್ತು?" ಎಂದು ದಿನಾ ಸಂಜೆ ಕೇಳುವ ಮನೆಯಲ್ಲಿ ಹುಡುಗ ಕೆಲವೇ ದಿನಗಳಲ್ಲಿ ಸುಳ್ಳು ಸಮಯ ಹೇಳಲು ಕಲಿಯುತ್ತಾನೆ. ನಿಮ್ಮ ಪ್ರಶ್ನೆಯಲ್ಲಿ ಕಾಳಜಿಯೇ ಇದೆ. ಅವನಿಗೆ ಕೇಳಿಸುವುದು ಹಾಜರಾತಿ. ವಾರಕ್ಕೊಂದು ದಿನ ಗೊತ್ತುಮಾಡಿ ಆ ದಿನದ ಅಂಕಿ ಮಾತ್ರ ನೋಡಿದರೆ ಸುಳ್ಳಿನ ಅಗತ್ಯ ತಾನಾಗಿ ಇಳಿಯುತ್ತದೆ. ನೋವು ಮರೆಸುವ ಇಂಜೆಕ್ಷನ್, ದಮ್ಮು ಹೆಚ್ಚಿಸುವ ಮಾತ್ರೆ ಎಂದು ಮೈದಾನದ ಸುತ್ತ ಯಾರಾದರೂ ಕೊಡುವುದನ್ನು ಮುಟ್ಟದಂತೆ ಹೇಳಿ. 2024ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಜಾರ್ಖಂಡದ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ 10 ಕಿ.ಮೀ. ಓಟದ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ತೀರಿಕೊಂಡರು. ನಮ್ಮ ಓಟ ಅಷ್ಟು ಉದ್ದದ್ದಲ್ಲ, ಹೆದರಬೇಕಾಗಿಲ್ಲ. ಆದರೂ ಎದೆನೋವು, ಓಡುವಾಗ ತಲೆಸುತ್ತಿ ಬಿದ್ದದ್ದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವುಗಳಲ್ಲಿ ಯಾವುದಿದ್ದರೂ ತರಬೇತಿಗೆ ಮೊದಲೇ ಒಮ್ಮೆ ವೈದ್ಯರನ್ನು ಕಾಣಿ. ಅದೇ ಭೇಟಿಯಲ್ಲಿ ಕಿವಿ, ದೂರದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿಯನ್ನೂ ಪರೀಕ್ಷಿಸಿಕೊಳ್ಳಿ. ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಇವನ್ನೆಲ್ಲ ನೋಡುತ್ತಾರೆ, ಕೆಂಪು ಹಸಿರು ಬೆರೆಯುವ ದೋಷ ಇದೆಯೆಂದು ಎಷ್ಟೋ ಹುಡುಗರಿಗೆ ಮೊದಲು ಗೊತ್ತಾಗುವುದು ಅಲ್ಲಿಯೇ.

ಲಿಖಿತ ಪರೀಕ್ಷೆಯ ಬಗ್ಗೆ ಕೋಚಿಂಗಿನವರು ಹೇಳದ ವಿಷಯ ನನ್ನಲ್ಲಿ ಹೆಚ್ಚೇನಿಲ್ಲ. ಕಾನ್‌ಸ್ಟೆಬಲ್‌ಗೆ 100 ಅಂಕ, ಒಂದೂವರೆ ಗಂಟೆ, ತಪ್ಪು ಉತ್ತರಕ್ಕೆ ಕಾಲಂಕ ಕಡಿತ. ಪಿಎಸ್‌ಐಗೆ ಎರಡು ಪತ್ರಿಕೆ. ಮೊದಲನೆಯದರಲ್ಲಿ ಪ್ರಬಂಧ, ಸಾರಾಂಶ, ಭಾಷಾಂತರ ಇರುವುದರಿಂದ ಕನ್ನಡ ಚೆನ್ನಾಗಿ ಬರೆಯಬಲ್ಲವರಿಗೆ ಅನುಕೂಲ. ಗಮನಿಸಬೇಕಾದದ್ದು ಸರದಿ. ಪಿಎಸ್‌ಐಗೆ ಮೈದಾನ ಮೊದಲು, ಕಾನ್‌ಸ್ಟೆಬಲ್‌ಗೆ ಲಿಖಿತ ಮೊದಲು. ಹೀಗಾಗಿ ಕಾನ್‌ಸ್ಟೆಬಲ್ ಆಕಾಂಕ್ಷಿಗಳು "ರಿಸಲ್ಟ್ ಬರಲಿ, ಆಮೇಲೆ ಓಡಿದರಾಯ್ತು" ಎಂದು ಕೂತು ಕೆಡುತ್ತಾರೆ.

ದುಡ್ಡು ಕೊಟ್ಟರೆ ಆಗುತ್ತದೆ ಎಂದು ಹೊಲದ ಪತ್ರ ಹಿಡಿದು ದಲ್ಲಾಳಿಯ ಮನೆಗೆ ಹೋಗುವ ತಂದೆಯೂ ಮಗನ ಮೇಲಿನ ಮಮತೆಯಿಂದಲೇ ಹೋಗುತ್ತಾರೆ. 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಗತಿ ಅವರಿಗೆ ನೆನಪಿರಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಇಡೀ ಆಯ್ಕೆ ರದ್ದಾಯಿತು, ಅಭ್ಯರ್ಥಿಗಳೂ ಜೈಲು ಕಂಡರು, ಪ್ರಾಮಾಣಿಕವಾಗಿ ಬರೆದವರೂ 2024ರ ಜನವರಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಮರುಪರೀಕ್ಷೆಗೆ ಮತ್ತೆ ಕೂರಬೇಕಾಯಿತು. 2023ರಲ್ಲಿ ರಾಜ್ಯ ಇಂಥ ಅಕ್ರಮ ತಡೆಯಲೆಂದೇ ಪ್ರತ್ಯೇಕ ಕಾನೂನನ್ನೂ ತಂದಿದೆ.

ಆಯ್ಕೆಯಾದ ಮೇಲೆ ಪೂರ್ವಾಪರ ಪರಿಶೀಲನೆ ಇರುತ್ತದೆ, ಅಂದರೆ ಅಭ್ಯರ್ಥಿಯ ಮೇಲೆ ಹಿಂದೆ ಪ್ರಕರಣಗಳಿದ್ದವೇ ಎಂದು ಠಾಣೆಯಿಂದ ವಿಚಾರಿಸುವುದು. ಕಾಲೇಜು ಜಗಳ, ಗಣೇಶನ ಮೆರವಣಿಗೆಯ ಗಲಾಟೆ, ಹೊಲದ ಬದುವಿನ ತಕರಾರಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ಸೇರಿಸಿ ಕೊಟ್ಟ ದೂರು ಇವು ಹಳ್ಳಿಯ ಹುಡುಗರ ಮೇಲೆ ಇರುವುದುಂಟು. ಮನೆಯವರು ಕೊಡುವ ಸಲಹೆ ಒಂದೇ: "ಅದನ್ಯಾಕೆ ಬರೀತೀಯ, ಬಿಡು." ಇದು ದುಬಾರಿ ಸಲಹೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಏನನ್ನೂ ಮುಚ್ಚಿಟ್ಟಿರಬಾರದು ಎಂದು ಹೇಳಿತು. ಕ್ಷುಲ್ಲಕ ಪ್ರಕರಣವನ್ನು ಕಡೆಗಣಿಸುವ ವಿವೇಚನೆ ಇಲಾಖೆಗೆ ಉಂಟು. ಗಂಭೀರವಾದದ್ದನ್ನು ಮುಚ್ಚಿಟ್ಟರೆ ಕೆಲಸ ಸಿಕ್ಕ ಮೇಲೂ ಹೋಗಬಹುದು. ಹದಿನೆಂಟು ತುಂಬುವ ಮೊದಲು ಬಾಲನ್ಯಾಯ ಮಂಡಳಿಯಲ್ಲಿ ಮುಗಿದ ಪ್ರಕರಣಗಳ ಮಾತೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಮು ಸಾಮಾನ್ಯವಾಗಿ ಅವು ಮುಂದೆ ಅನರ್ಹತೆಯಾಗಿ ಕಾಡದಂತೆ ರಕ್ಷಿಸುತ್ತದೆ. ಇಂಥದ್ದೇನಾದರೂ ಇದ್ದರೆ ನಮೂನೆ ತುಂಬುವ ಮೊದಲು ವಕೀಲರನ್ನು ಕೇಳಿ. ಆದರೆ ಮಗ ಅದನ್ನು ನಿಮ್ಮ ಮುಂದೆ ಹೇಳುವಂತಿರಬೇಕು. ಬೈಗುಳದ ಭಯಕ್ಕೆ ಮನೆಯಲ್ಲಿ ಮುಚ್ಚಿಟ್ಟವನು ಅರ್ಜಿಯಲ್ಲೂ ಮುಚ್ಚಿಡುತ್ತಾನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಪ್ರಶ್ನೆ ಬೇರೆ. ಎತ್ತರ, ಓಟ ಎಲ್ಲ ಇದ್ದರೂ "ರಾತ್ರಿ ಪಾಳಿ, ಮದುವೆಗೆ ಕಷ್ಟ" ಎಂದು ಮನೆಯಲ್ಲಿ ಬಾಗಿಲು ಹಾಕಿಬಿಡುತ್ತಾರೆ. ಆತಂಕ ಸುಳ್ಳಲ್ಲ. ಪಾಳಿ ಇದೆ, ಜಾತ್ರೆ ಚುನಾವಣೆಗಳಲ್ಲಿ ರಜೆ ಇಲ್ಲ, ವರ್ಗಾವಣೆ ಇದೆ. ಇದನ್ನು ನೀವು ಊಹಿಸಿ ಹೇಳುವ ಬದಲು ಠಾಣೆಯಲ್ಲಿರುವ ಮಹಿಳಾ ಸಿಬ್ಬಂದಿಯೊಬ್ಬರ ಬಾಯಿಂದ ಮಗಳ ಜೊತೆ ಕೂತು ಕೇಳಿ. ಗಂಡುಮಕ್ಕಳನ್ನೂ ಕರೆದೊಯ್ಯಿರಿ. ಸಿನಿಮಾದ ಪೊಲೀಸನನ್ನು ನೋಡಿ ಬೆಳೆದ ಹುಡುಗನಿಗೆ ಸಮನ್ಸ್ ಜಾರಿ, ಕೋರ್ಟ್ ಡ್ಯೂಟಿ, ಶವದ ಪಕ್ಕ ರಾತ್ರಿ ಕಾವಲು ಎಂದರೆ ಏನೆಂದು ಗೊತ್ತಾಗಲಿ. ಕೆಲವು ಹುಡುಗರಲ್ಲಿ ಖಾಕಿಯ ಆಸೆಯ ಬೇರು ಯಾವುದೋ ಅವಮಾನದಲ್ಲಿರುತ್ತದೆ. ಊರಲ್ಲಿ ತಮ್ಮ ಮನೆಯವರನ್ನು ಯಾರೋ ಬಗ್ಗಿಸಿದ್ದನ್ನು ಕಂಡಿರುತ್ತಾರೆ. ಆಸೆ ತಪ್ಪಲ್ಲ. ಅದು ಸೇಡಿಗೋ ಇನ್ನೊಬ್ಬರು ಹಾಗೆ ಬಗ್ಗಬಾರದೆಂದೋ ಎಂಬುದು ಮಾತಾಡಿಸಿದರೆ ಮಾತ್ರ ತಿಳಿಯುತ್ತದೆ.

ಅಳತೆಯಲ್ಲಿ ಹೊರಬಿದ್ದವರಿಗೆ ದಾರಿಗಳಿವೆ. ಅರಣ್ಯ ರಕ್ಷಕ ಹುದ್ದೆಗೆ ಎತ್ತರದ ಮಿತಿ ಪೊಲೀಸರದಕ್ಕಿಂತ ಕಡಿಮೆ. ತುರ್ತು ಕರೆಗಳ ಕೇಂದ್ರದ ಕೆಲಸವನ್ನು ಹೆಚ್ಚಿನ ಪೋಷಕರು ಕೇಳಿಯೇ ಇರುವುದಿಲ್ಲ. 112ಕ್ಕೆ ಬಂದ ಕರೆಯನ್ನು ಒಬ್ಬರು ಎತ್ತಿಕೊಂಡು ಎಲ್ಲಿ, ಏನು, ಯಾರಿಗೆ ಎಂದು ದಾಖಲಿಸುತ್ತಾರೆ. ಡಿಸ್ಪ್ಯಾಚರ್ ಎನ್ನುವ ಇನ್ನೊಬ್ಬರು ಹತ್ತಿರದ ಗಸ್ತು ವಾಹನಕ್ಕೆ ಅದನ್ನು ಒಪ್ಪಿಸಿ, ಅದು ತಲುಪಿತೇ ಎಂದು ನೋಡುತ್ತಾರೆ. ಎರಡನೆಯದಕ್ಕೆ ಸಾಮಾನ್ಯವಾಗಿ ಇಲಾಖೆಯವರೇ ಇರುತ್ತಾರೆ, ಕರೆ ಸ್ವೀಕರಿಸುವ ಕೆಲಸಕ್ಕೆ ಹೊರಗುತ್ತಿಗೆಯಲ್ಲಿ ತೆಗೆದುಕೊಳ್ಳುವುದುಂಟು. ಖಾಯಂ ನೌಕರಿಯ ಭದ್ರತೆ ಅದರಲ್ಲಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಅಲ್ಲಿ ಅಳತೆಪಟ್ಟಿಗೆ ಕೆಲಸವಿಲ್ಲ. ಅಳುತ್ತ, ಬೈಯುತ್ತ, ತಾನು ಎಲ್ಲಿದ್ದೇನೆಂದೇ ಹೇಳಲಾಗದೆ ಮಾತಾಡುವ ವ್ಯಕ್ತಿಯಿಂದ ಒಂದು ದೇವಸ್ಥಾನದ, ಒಂದು ಬಸ್ ಸ್ಟಾಪಿನ ಹೆಸರು ಹೊರಡಿಸುವ ತಾಳ್ಮೆ ಬೇಕು. ಕೇಳುತ್ತಲೇ ಟೈಪ್ ಮಾಡಬೇಕು. ಕನ್ನಡದ ಜೊತೆ ಹಿಂದಿ, ಇಂಗ್ಲಿಷ್ ತಿಳಿಯಬೇಕು.

ಕೊನೆಗೆ ಕಾಗದಪತ್ರ. ಇದು ಪೂರ್ತಿ ನಿಮ್ಮ ಪಾಲಿನ ಕೆಲಸ ಎಂದುಕೊಂಡರೂ ತಪ್ಪಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿ, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ. ಕಲ್ಯಾಣ ಕರ್ನಾಟಕದವರಾದರೆ 371(ಜೆ) ಪ್ರಮಾಣಪತ್ರ. ಎಲ್ಲವೂ ನಿಗದಿತ ನಮೂನೆಯಲ್ಲಿ, ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದಿರಬೇಕು. ಹಿಂದುಳಿದ ವರ್ಗದವರ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಮಗ ಪಿಯುಸಿಗೆ ಸೇರುವಾಗ ಮಾಡಿಸಿದ್ದು ಅವಧಿ ಮೀರಿರಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇದ್ದರೆ ಅಧಿಸೂಚನೆ ಬರುವವರೆಗೆ ಕಾಯದೆ ಸರಿಪಡಿಸಿಕೊಳ್ಳಿ. ಅಧಿಸೂಚನೆ ಬಂದ ವಾರ ನಾಡಕಚೇರಿಯ ಮುಂದೆ ಇಡೀ ಹೋಬಳಿ ನಿಂತಿರುತ್ತದೆ.