ಕ್ರೋಧಶಮನಕ್ಕೆ ನಾಮಜಪ

ಡೊಂಬಿವಲಿಯಲ್ಲಿ ಬೆಳಗಿನ ಗಾಡಿ ಹಿಡಿಯುವ ನಮ್ಮವರಿಗೆ ಕ್ರೋಧದ ಪರಿಚಯ ಬೇಕಿಲ್ಲ. ತಳ್ಳಿದವನು ದಾದರಿನಲ್ಲಿ ಇಳಿದುಹೋಗುತ್ತಾನೆ. ಕೋಪ ಮಾತ್ರ ಫೋರ್ಟಿನ ಕಚೇರಿಯವರೆಗೂ ಬಂದು, ಸಂಜೆ ಮನೆಯ ಮಕ್ಕಳ ಮೇಲೆರಗುತ್ತದೆ. ನಾನೂ ಇದಕ್ಕೆ ಹೊರತಲ್ಲ.

ಗೀತೆಯ 2ನೆಯ ಅಧ್ಯಾಯದ 62 ಮತ್ತು 63ನೆಯ ಶ್ಲೋಕಗಳು ಈ ಇಳಿಜಾರನ್ನು ಕ್ರಮವಾಗಿ ತೋರಿಸಿವೆ: ವಿಷಯಚಿಂತನೆಯಿಂದ ಸಂಗ, ಅದರಿಂದ ಕಾಮ, ಕಾಮದಿಂದ ಕ್ರೋಧ, ಮುಂದೆ ಸಮ್ಮೋಹ, ಸ್ಮೃತಿಭ್ರಂಶ, ಬುದ್ಧಿನಾಶ. ಮೂಲವಿರುವುದು ತಳ್ಳಿದವನಲ್ಲಲ್ಲ, ನಾವು ಮೆಲುಕು ಹಾಕುವ ಚಿಂತನೆಯಲ್ಲಿ. ಜಪವು ತಡೆಯುವುದು ಆ ಮೊದಲ ಮೆಟ್ಟಿಲನ್ನೇ. ಪತಂಜಲಿ ಪ್ರಣವಜಪದೊಡನೆ ಅರ್ಥಭಾವನೆಯನ್ನೂ ವಿಧಿಸಿದ್ದಾನೆ. ತುಟಿಯಲ್ಲಿ ನಾಮ, ಮನದಲ್ಲಿ ಜಗಳವಿದ್ದರೆ ಫಲವೇನು? ಮನುಸ್ಮೃತಿ ಮಾನಸಜಪಕ್ಕೆ ಅಗ್ರಸ್ಥಾನ ನೀಡಿದೆ. ನಮ್ಮ ಡಬ್ಬಿಯಲ್ಲಿ ಸಾಧ್ಯವಾಗುವುದೂ ಅದೊಂದೇ (ಜಪಮಾಲೆ ತೆಗೆಯಲು ಕೈ ಆಡಿದರೆ ತಾನೆ!).

ಈ ನವರಾತ್ರಿಯಲ್ಲಿ, ಠಾಣೆ ದಾಟಿದೊಡನೆ ಇಷ್ಟದೇವತೆಯ ನಾಮವನ್ನು 108 ಬಾರಿ ಸ್ಮರಿಸಿ ನೋಡಿರಿ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಆರಂಭಿಸಿರಿ; ದಾದರು ಇನ್ನೂ ದೂರವಿದೆ.