ಬಿಸಿಲುಗಾಲದಲ್ಲಿ ಕುದುರೆಯ ಕ್ಷೇಮ

ಕಲಬುರಗಿಯ ಓದುಗರಿಗೆ,

ನಿಮ್ಮ ಹೆಣ್ಣುಕುದುರೆಯು ನಡುಹಗಲಿನಲ್ಲಿ ಮೇಯದೆ, ಬೇಲಿಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು ಏದುಸಿರು ಬಿಡುವುದೆಂದು ಬರೆದಿರುವಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಿಮ್ಮ ಸೀಮೆಯ ತಾಪವು 40 ಡಿಗ್ರಿಯನ್ನು ಮೀರುವುದುಂಟಾದ್ದರಿಂದ, ಹಗಲು 10ರಿಂದ ಸಂಜೆ 5ರವರೆಗೆ ಅದನ್ನು ನೆರಳಿನಲ್ಲಿಯೇ ಇರಿಸಿ, ಸೂರ್ಯಾಸ್ತವಾದ ಮೇಲೆ ಬಯಲಿಗೆ ಬಿಟ್ಟು, ರಾತ್ರಿಯೆಲ್ಲ ಮೇಯಗೊಟ್ಟು, ಬಿಸಿಲೇರುವ ಮುನ್ನ ಮರಳಿ ಕರೆತರುವುದೇ ಯುಕ್ತವಾದ ಕ್ರಮ. ತಗಡಿನ ಚಾವಣಿಯ, ಗಾಳಿಯಾಡದ ಲಾಯಕ್ಕಿಂತ ಬೇವಿನ ಮರದ ನೆರಳೇ ಮೇಲು. ಲಾಯವೇ ಅನಿವಾರ್ಯವಾದಲ್ಲಿ ಎದುರುಬದುರಾಗಿ ಕಿಟಕಿಗಳನ್ನು ತೆರೆಯಿಸಿರಿ.

ಬೆವರಿದ ಕುದುರೆಯ ಮೇಲೆ ತಣ್ಣೀರು ಸುರಿಯಬಾರದೆಂಬ ನಂಬಿಕೆಯು ನಿರಾಧಾರವಾದುದು. ಅದರಿಂದ ಈ ಮೂಕಪ್ರಾಣಿಗಳು ವೃಥಾ ಬಳಲುವುದು ನನಗೆ ಅತ್ಯಂತ ವ್ಯಥೆಯ ಸಂಗತಿ. ಕೊರಳು, ಎದೆ, ಪಕ್ಕೆ, ತೊಡೆಗಳ ಮೇಲೆ ಎಡೆಬಿಡದೆ ನೀರು ಸುರಿಯುತ್ತ ಗಾಳಿಗೆ ನಿಲ್ಲಿಸಿರಿ. ಒದ್ದೆ ಗೋಣಿಯನ್ನು ಹೊದಿಸಿಬಿಡುವ ವಾಡಿಕೆ ಮಾತ್ರ ತಪ್ಪು. ಅದು ಬಹುಬೇಗ ಬಿಸಿಯಾಗಿ ಶರೀರದ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಕುಡಿಯಲು ದಿನವೊಂದಕ್ಕೆ 50 ಲೀಟರಿಗೂ ಹೆಚ್ಚು ನೀರು ಬೇಕಾದೀತು. ತೊಟ್ಟಿಯನ್ನು ನೆರಳಿನಲ್ಲಿಟ್ಟು ನಿತ್ಯವೂ ತೊಳೆಯಿರಿ. ಬೆವರಿನೊಡನೆ ಲವಣವೂ ನಷ್ಟವಾಗುವುದರಿಂದ ನೆಕ್ಕಲು ಉಪ್ಪಿನ ಗಟ್ಟಿ ಇರಲಿ.

ವಿಶ್ರಾಂತಿಯಲ್ಲಿರುವ ಸ್ವಸ್ಥ ಕುದುರೆಯು ನಿಮಿಷಕ್ಕೆ 8ರಿಂದ 16 ಬಾರಿ ಉಸಿರಾಡುತ್ತದೆ. ಅದರ ದೇಹದ ಉಷ್ಣತೆ 38 ಡಿಗ್ರಿಯ ಆಸುಪಾಸು. ನೆರಳಿಗೆ ತಂದು ಅರ್ಧ ಗಂಟೆಯಾದರೂ ಏದುಸಿರು ತಗ್ಗದಿದ್ದರೆ, ಬಿಸಿಲಿನಲ್ಲಿಯೂ ಬೆವರದೆ ಚರ್ಮವು ಒಣಗಿ ಸುಡುತ್ತಿದ್ದರೆ, ಅಥವಾ ಉಷ್ಣತೆಯು 40 ಡಿಗ್ರಿಯನ್ನು ದಾಟಿದರೆ, ನೀರು ಸುರಿಯುವುದನ್ನು ನಿಲ್ಲಿಸದೆಯೇ ಪಶುವೈದ್ಯರಿಗೆ ಹೇಳಿಕಳುಹಿಸಿರಿ.